ಮೂವತ್ತೊಂದು ತಿದ್ದುಪಡಿ

ತಾನು ಬರೆದ ಕಂಪ್ಯೂಟರ್ ಕೋಡನ್ನು ಪ್ರಜ್ಞೇಶ್ ಓದುವುದೇ ಇಲ್ಲ ಅನ್ನುವ ಅನುಮಾನ ಯಮುನಳಿಗೆ ಬಂದು ಎರಡು ವಾರವಾಗಿತ್ತು. ಬಂದ ಅನುಮಾನ ಸುಮ್ಮನೆ ಕೂರುತ್ತದೆಯೇ? ಊಟ, ಸ್ನಾನ, ಬಸ್ಸು, ಎಲ್ಲದರಲ್ಲೂ ಜೊತೆಗೇ ಇತ್ತು.

ಕುಶಾಲನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಒಂಬತ್ತು ಜನರ ಆಫೀಸು. ಕಾಫಿ ಎಸ್ಟೇಟಿಗೆ ಕಾಡಾನೆ ಇಳಿದರೆ ಹಣ್ಣು ಕೊಯ್ಯಲು ಹೊರಟವರ ಮೊಬೈಲಿಗೆ ಎಚ್ಚರಿಕೆ ಕಳಿಸುವ ಆ್ಯಪ್ ಅಲ್ಲಿ ತಯಾರಾಗುತ್ತಿತ್ತು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಬೇಕು, ತಪ್ಪಿದ್ದರೆ ಪಕ್ಕದಲ್ಲಿ ಬರೆಯಬೇಕು, ಎಲ್ಲ ಸರಿಯಾದ ಮೇಲೆ ಅಪ್ರೂವ್ ಒತ್ತಬೇಕು. ಯಮುನ ಸೇರಿ ಐದೂವರೆ ತಿಂಗಳು. ಆರು ತುಂಬಿದಾಗ ಕೆಲಸ ಕಾಯಂ, ಇಲ್ಲವೇ ಮನೆಗೆ. ಅವಳ ಕೋಡ್ ಓದಬೇಕಾದವನು ಮೂರು ವರ್ಷ ಸೀನಿಯರ್ ಆದ ಪ್ರಜ್ಞೇಶ್, ಮಡಿಕೇರಿ ಕಡೆಯವನು.

ಅವಳ ಜೊತೆಗೇ ಸೇರಿದ ತೀರ್ಥಪ್ರಸಾದನ ಇಪ್ಪತ್ತು ಸಾಲಿಗೆ ಪ್ರಜ್ಞೇಶ್ ಹದಿನಾಲ್ಕು ಕಾಮೆಂಟ್ ಬರೆಯುತ್ತಿದ್ದ. 'ಇದು ಯಾರಿಗೆ ಅರ್ಥ ಆಗ್ಬೇಕು?' 'ನಿದ್ದೆಯಲ್ಲಿ ಬರೆದದ್ದಾ?' ಯಮುನಳ ಇನ್ನೂರು ಸಾಲಿಗೆ ಮಾತ್ರ ಒಂದೇ ಪದ: 'ಚೆನ್ನಾಗಿದೆ.' ಅಪ್ರೂವ್.

ಮೊದಮೊದಲು ಖುಷಿಯಾಗಿತ್ತು. ಆಮೇಲೆ ಕಸಿವಿಸಿ ಶುರುವಾಯಿತು. ಅವಳು ತಲೆ ಎತ್ತಿದಾಗಲೆಲ್ಲ ಮಾನಿಟರಿನ ಅಂಚಿನಿಂದ ಅವನ ಕಣ್ಣು ಇವಳ ಕಡೆಗೇ ಇರುತ್ತಿತ್ತು. ಸಿಕ್ಕಿಬಿದ್ದ ಕೂಡಲೇ ನೀರಿನ ಬಾಟಲಿ ಎತ್ತಿ, ಅದು ಖಾಲಿಯಿದ್ದರೂ ಗಟಗಟ ಕುಡಿದ ಹಾಗೆ ಮಾಡುತ್ತಿದ್ದ. ನಾನು ಎಡವುವುದನ್ನೇ ಕಾಯುತ್ತಿದ್ದಾನೆ ಅಂದುಕೊಂಡಳು ಯಮುನ. ಹುಡುಗಿ ಲೆಕ್ಕಾಚಾರದಲ್ಲಿ ಚುರುಕು, ಇಂಥದ್ದರಲ್ಲಿ ಶುದ್ಧ ದಡ್ಡಿ.

"ನನ್ನ ಕೋಡ್ ಓದಿದ್ರಾ?" ಒಂದು ದಿನ ಕೇಳಿಯೇ ಬಿಟ್ಟಳು.

"ಓದಿದೆ."

"ಪೂರ್ತಿ?"

"ಪೂರ್ತಿ."

"ಒಂದು ತಪ್ಪೂ ಇರ್ಲಿಲ್ವಾ?"

ಪ್ರಜ್ಞೇಶನ ಕಿವಿ ಕೆಂಪಗಾಯಿತು. "ಚೆನ್ನಾಗಿತ್ತು."

"ಅದನ್ನೇ ಬರ್ದಿದ್ರಿ. ಬೇರೆ ಪದ ಬರಲ್ವಾ ನಿಮ್ಗೆ?"

"ಬರ್ತದೆ," ಅಂದ ಅವನು, ಬಾಟಲಿ ಹುಡುಕುತ್ತಾ. "ಎಲ್ಲ ಹೇಳ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಆ ಉತ್ತರ ಅವಳ ಅನುಮಾನಕ್ಕೆ ಇನ್ನಷ್ಟು ತುಪ್ಪ ಸುರಿಯಿತು.

ಶುಕ್ರವಾರ ಯಮುನ ಬೇಕೆಂದೇ ಒಂದು ತಪ್ಪು ಬರೆದಳು. ಚೆಟ್ಟಳ್ಳಿಯಲ್ಲಿ ಆನೆ ಕಂಡರೆ ಎಚ್ಚರಿಕೆ ಎಲ್ಲೋ ದೂರದ ಹುದಿಕೇರಿಯವರ ಫೋನಿಗೆ ಹೋಗಬೇಕು, ಹಾಗೆ. ಕಣ್ಣಿದ್ದವರಿಗೆಲ್ಲ ಕಾಣುವ ತಪ್ಪು. ಅಪ್ರೂವ್ ಆದರೂ ಸಂಜೆ ನಾಲ್ಕರವರೆಗೆ ಹೊಸ ಕೋಡ್ ಆಫೀಸಿನಿಂದ ಹೊರಗೆ ಹೋಗುವುದಿಲ್ಲ. ಅಷ್ಟರೊಳಗೆ ತಾನೇ ವಾಪಸ್ ತೆಗೆದು ಅವನ ಮುಖಕ್ಕೆ ಹಿಡಿಯುವುದು ಅವಳ ಹಂಚಿಕೆ.

ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ಮೇಲೆ ಬಂದಿತ್ತು. 'ಚೆನ್ನಾಗಿದೆ.' ಅಪ್ರೂವ್.

ಸಿಕ್ಕಿಬಿದ್ದೆಯಾ ಅಂದುಕೊಂಡು ಯಮುನ ಫೈಲ್ ತೆರೆದಳು. ತಪ್ಪು ಅಲ್ಲಿರಲಿಲ್ಲ. ಚೆಟ್ಟಳ್ಳಿಯ ಆನೆ ಚೆಟ್ಟಳ್ಳಿಯವರಿಗೇ ಸುದ್ದಿ ಕೊಡುತ್ತಿತ್ತು. ಪಕ್ಕದಲ್ಲಿ ತಿದ್ದಿದವರ ಹೆಸರು ಪ್ರಜ್ಞೇಶ್, ಸಮಯ ಒಂದು ಗಂಟೆ ಹತ್ತು ನಿಮಿಷ. ಒಮ್ಮೆ ಅಪ್ರೂವ್ ಆದದ್ದನ್ನು ಮತ್ತೆ ತೆರೆದು ನೋಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಈಗ ಹಳೆಯ ಫೈಲ್ ಒಂದೊಂದಾಗಿ ತೆರೆದಳು. ಎಲ್ಲದರಲ್ಲೂ ಅದೇ ಹೆಸರು.

ಅಷ್ಟರಲ್ಲಿ ಕಂಪನಿಯ ಯಜಮಾನರು ಉತ್ತಯ್ಯ ಒಳಗೆ ಕರೆದರು.

"ಕೂತ್ಕೊ ಯಮುನ," ಅಂದರು, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ. "ನಿನ್ನ ಕನ್ಫರ್ಮೇಶನ್‌ಗೆ ಅಂತ ಕೋಡಿನ ಹಿಸ್ಟರಿ ತೆಗ್ದೆ. ಮೂವತ್ತೊಂದು ಕಡೆ ನಿನ್ನ ಕೋಡನ್ನ ಪ್ರಜ್ಞೇಶ್ ತಿದ್ದಿದ್ದಾನೆ. ನೀನು ಬರ್ದದ್ದು, ಅವನು ಸರಿ ಮಾಡಿದ್ದು. ಹಿಂದೆ ಒಬ್ಬರು ನಿಂತಿರ್ಲೇಬೇಕು ಅಂದ್ರೆ ನಾನು ಹೇಗೆ ಕಾಯಂ ಮಾಡ್ಲಿ?"

"ತಪ್ಪಾಗಿದೆ ಅಂತ ನಂಗೆ ಯಾರೂ ಹೇಳೇ ಇಲ್ಲ ಸರ್."

"ನೋಡಿಕೊಳ್ಳೋದು ನಿನ್ನ ಕೆಲಸ ಅಲ್ವಾ?"

ಯಮುನ ಎದ್ದು ಹೊರಗೆ ಬಂದಳು. ಊರಲ್ಲೇ ಇದ್ದು ಈ ಕೆಲಸ ಮಾಡಲು ಇದ್ದದ್ದು ಇದೊಂದೇ ಆಫೀಸು. ಈಗ ಎಲ್ಲ ಅರ್ಥವಾಯಿತು ಅನ್ನಿಸಿತು ಅವಳಿಗೆ. ಬಾಯಲ್ಲಿ ಚೆನ್ನಾಗಿದೆ ಅಂತ ಬೆಣ್ಣೆ ಹಚ್ಚಿ, ಹಿಂದಿನಿಂದ ಒಂದೊಂದೇ ತಪ್ಪನ್ನು ದಾಖಲೆ ಮಾಡಿಟ್ಟಿದ್ದಾನೆ.

ಪ್ರಜ್ಞೇಶನನ್ನು ಮೆಟ್ಟಿಲ ಬಳಿ ಕರೆದಳು. ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು.

"ನನ್ನ ಕೆಲಸ ಕಳೆದು ನಿಮ್ಗೆ ಏನ್ರೀ ಸಿಗ್ತದೆ?"

ವಿಷಯ ಕೇಳಿ ಅವನ ಮುಖ ಬಿಳಿಚಿಕೊಂಡಿತು. ಗೋಡೆಗೆ ಒರಗಿದ. "ಹಾಗೆ ಆಗ್ತದೆ ಅಂತ ಯೋಚನೆಯೇ ಮಾಡ್ಲಿಲ್ಲ. ದೇವರಾಣೆ."

"ಹಾಗಿದ್ರೆ ಯಾಕೆ ಹೇಳ್ಲಿಲ್ಲ?"

"ನೀವು ಸೇರಿದ ಎರಡನೇ ದಿನ ಒಂದು ಕಾಮೆಂಟ್ ಬರ್ದಿದ್ದೆ. ನಿಮ್ಮ ಕಣ್ಣಲ್ಲಿ ನೀರು ಬಂತು. ಆಮೇಲೆ ಬರೆಯೋದು, ಅಳಿಸೋದು. ಬರೆದದ್ದೆಲ್ಲ ಗಡುಸಾಗಿ ಕಾಣ್ತಿತ್ತು. ನಾನೇ ತಿದ್ದಿದ್ರೆ ಮುಗೀತಲ್ಲ ಅಂತ."

"ಅತ್ತಿದ್ದೆ, ಹೌದು. ಮನೆಗೆ ಹೋಗಿ ಅದನ್ನ ಕಲ್ತೆ. ಆ ತಪ್ಪು ಮತ್ತೆ ಮಾಡಿದ್ದೀನಾ?"

"ಇಲ್ಲ."

"ಮೂವತ್ತೊಂದು ಸಲ ಅಳಿಸ್ಬೇಕಿತ್ತು ಕಣ್ರೀ ನೀವು ನನ್ನ. ತೀರ್ಥಪ್ರಸಾದ್‌ಗೆ ಕಲಿಸಿದ್ರಿ. ನನ್ನನ್ನ ಗೊಂಬೆ ಮಾಡಿ ಕೂರಿಸಿದ್ರಿ. ಯಾಕೆ?"

"ಎಂಥ ಹೇಳೋದು," ಅಂದ ಅವನು ಮೆಟ್ಟಿಲು ನೋಡುತ್ತಾ. ಆಮೇಲೆ ಧೈರ್ಯ ಮಾಡಿ ತಲೆ ಎತ್ತಿದ. ಈ ಸಲ ಎತ್ತಿಕೊಳ್ಳಲು ಬಾಟಲಿಯೂ ಇರಲಿಲ್ಲ. "ತೀರ್ಥಪ್ರಸಾದ್ ಮೇಲೆ ನಂಗೆ ಪ್ರೀತಿ ಇಲ್ಲ."

ಯಮುನಳಿಗೆ ಬೈಯಲು ಹೊರಟ ಮಾತು ಮರೆತೇಹೋಯಿತು. ಅವನ ಕಣ್ಣನ್ನು ನೋಡಿದಳು. ಐದೂವರೆ ತಿಂಗಳು ಕಾವಲು ಕಾಯುತ್ತಿದೆ ಅಂದುಕೊಂಡ ಕಣ್ಣು ಹೆದರಿಕೊಂಡಿತ್ತು, ಅಷ್ಟೆ. ಎದೆ ಧಡಧಡ ಹೊಡೆದುಕೊಂಡಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಅದಕ್ಕೆ ಉತ್ತರ ಆಮೇಲೆ," ಅಂದಳು. "ಮೊದ್ಲು ಒಳಗೆ ಬನ್ನಿ."

ಇಬ್ಬರೂ ಉತ್ತಯ್ಯನವರ ಮುಂದೆ ನಿಂತರು. ತಪ್ಪು ತೋರಿಸದೆ ತಾನೇ ತಿದ್ದಿದ್ದನ್ನು ಪ್ರಜ್ಞೇಶ್ ಹೇಳಿದ. ಬೇಕೆಂದೇ ತಪ್ಪು ಬರೆದದ್ದನ್ನು ಯಮುನ ಹೇಳಿದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತನ್ನ ತಪ್ಪನ್ನು ಇನ್ನೊಬ್ಬರು ಮುಚ್ಚಿಟ್ಟರೆಂದು ಜಗಳ ಮಾಡಿ ಬಂದವಳು ತಾನೇ ಒಂದನ್ನು ಮುಚ್ಚಿಡುವುದು ಹೇಗೆ?

ಉತ್ತಯ್ಯ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ನಾಲ್ಕು ಗಂಟೆ ಒಳಗೆ ತೆಗೀತಿದ್ದೆ ಅಂತೀಯ. ಮರ್ತಿದ್ರೆ? ಆನೆ ನಿಮ್ಮ ಪರೀಕ್ಷೆ ಮುಗೀಲಿ ಅಂತ ಕಾಯ್ತದಾ? ಮೂರು ತಿಂಗಳು ಪ್ರೊಬೇಶನ್ ಮುಂದುವರಿಸ್ತೇನೆ. ಇನ್ನು ನಿನ್ನ ಕೋಡ್ ನಾನೇ ಓದ್ತೇನೆ. ಪ್ರಜ್ಞೇಶ್, ನೀನು ಒಂದು ಅಕ್ಷರ ಮುಟ್ಟಿದ್ರೆ ಇಬ್ಬರೂ ಮನೆಗೆ."

ಸೋಮವಾರ ಮಧ್ಯಾಹ್ನ ಯಮುನಳ ಕೋಡ್ ವಾಪಸ್ ಬಂತು. ಇಪ್ಪತ್ತೆರಡು ಕಾಮೆಂಟ್. ಯಜಮಾನರ ಕೈಗೆ ದಯೆ ದಾಕ್ಷಿಣ್ಯ ಏನೂ ಇರಲಿಲ್ಲ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳ ಕಣ್ಣು ತುಂಬಿತು.

ಕುರ್ಚಿ ಎಳೆದುಕೊಂಡು ಪ್ರಜ್ಞೇಶ್ ಪಕ್ಕಕ್ಕೆ ಬಂದು ಕೂತ. ಅವಳ ಕೆನ್ನೆ ಮೇಲೆ ನೀರು ಇಳಿದದ್ದೇ ತಡ, ಅವನ ಬಲಗೈ ತನ್ನಷ್ಟಕ್ಕೆ ಕೀಬೋರ್ಡಿನ ಕಡೆ ಚಾಚಿತು.

ಯಮುನ ಅದನ್ನು ದಾರಿಯಲ್ಲೇ ಹಿಡಿದಳು.

"ಯಾರಾದ್ರೂ ನೋಡ್ತಾರೆ," ಅಂದ ಅವನು ಪಿಸುದನಿಯಲ್ಲಿ.

"ನೋಡ್ಲಿ. ಬಿಟ್ರೆ ತಿದ್ತೀರಿ."

ಅವನ ಬೆರಳೊಳಗೆ ಬೆರಳು ಸೇರಿಸಿ ಮೇಜಿನ ಕೆಳಗೆ ಮಡಿಲ ಮೇಲಿಟ್ಟುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, ಉಳಿದ ಒಂದೇ ಕೈಯಲ್ಲಿ ಮೊದಲನೇ ತಪ್ಪನ್ನು ತಾನೇ ತಿದ್ದತೊಡಗಿದಳು.