ಸಂಬಂಧದ ಖಾನೆ

"ಡಾಕ್ಟರ್ ಬರೆದಿರೋದು ಶಂಕೆ ಅಂತ. ನೀವು ರೋಗದ ಕೋಡ್ ಹಾಕಿದ್ದೀರಿ!"

ರೋಗಿಗಳ ಕಡತ ಓದಿ ಕಾಯಿಲೆಗೆ ತಕ್ಕ ಕೋಡ್ ಸಂಖ್ಯೆ ಹಾಕುವುದು ಅವಳ ಕೆಲಸ. ಸೇರಿದ ಮೊದಲ ವಾರವೇ, ಆ ಕೋಡ್‌ಗಳನ್ನು ಪರಿಶೀಲಿಸುವ ಆಡಿಟರ್ ಅವಳು ಮುಗಿಸಿದ್ದ ಒಂದು ಮಗುವಿನ ಕಡತ ವಾಪಸ್ ತಂದಿಟ್ಟ. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ.

"ರೋಗನಿರೋಧಕ ಶಕ್ತಿ ಕಮ್ಮಿ ಇರಬಹುದು ಅಂದ್ರೆ ಇದೆ ಅಂತಲ್ಲ. ಖಚಿತವಾಗೋವರೆಗೂ ಲಕ್ಷಣಕ್ಕಷ್ಟೇ ಕೋಡ್. ಆ ಮಗು ಸುಮ್ಮನೆ ಯಾಕೆ ಹಣೆಪಟ್ಟಿ ಹೊತ್ಕೊಂಡು ತಿರುಗಬೇಕು?"

ಸಿಡುಕ! ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಆದರೆ ಮಗುವಿನ ಬಗ್ಗೆ ಆಡಿದ ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ.

ಎರಡು ವರ್ಷದಲ್ಲಿ ಸಿಡುಕನ ಜೊತೆ ಊಟದ ಡಬ್ಬಿ ಹಂಚಿಕೊಳ್ಳುವಷ್ಟು ಸಲುಗೆ ಬೆಳೆಯಿತು. ಅವಳಿಗಂತೂ ಪ್ರೀತಿಯೇ ಆಗಿಹೋಗಿತ್ತು. ಅವನು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಈಗ ಮೂರು ವಾರದಿಂದ ಅವನು ಅವಳ ಮೇಜಿನ ಕಡೆ ಸುಳಿದಿಲ್ಲ. ರಕ್ತ ವಿಭಾಗದ ಕಡತಗಳನ್ನೂ ಅವಳಿಂದ ತೆಗೆಸಿ ಬೇರೆಯವರಿಗೆ ಕೊಡಿಸಿದ್ದ.

ನನ್ನ ಕೆಲಸ ಹಿಡಿಸಲಿಲ್ಲವೋ, ನಾನೇ ಹಿಡಿಸಲಿಲ್ಲವೋ...

ಬೇರೆ ಶಾಖೆಗೆ ವರ್ಗ ಕೇಳುವ ಅರ್ಜಿ ಹಿಡಿದು ಅವಳು ಮೇಲ್ವಿಚಾರಕಿಯ ಮುಂದೆ ನಿಂತಳು.

"ಏನೇ ಇದು? ಮದುವೆಯಾಗೋ ಹುಡುಗನ್ನ ಇಲ್ಲಿ ಬಿಟ್ಟು ನೀನೊಬ್ಳೇ ಹೋಗ್ತೀಯಾ?"

"ಯಾವ ಹುಡುಗ, ಮೇಡಂ?!"

ರಕ್ತ ವಿಭಾಗದ ಕಡತಗಳನ್ನು ಅವಳಿಂದ ತೆಗೆಸಿದ್ದ ಫಾರ್ಮನ್ನು ಅವರು ಮುಂದಿಟ್ಟರು. ಆಸ್ಪತ್ರೆಯ ನಿಯಮದ ಪ್ರಕಾರ ತಮ್ಮ ಹತ್ತಿರದವರ ಕಡತಕ್ಕೆ ಯಾರೂ ಕೋಡ್ ಹಾಕುವ ಹಾಗಿಲ್ಲ. ಕಾರಣ ಬರೆದು ಬೇರೆಯವರಿಗೆ ಕೊಡಿಸಬೇಕು. ರೋಗಿಯ ಹೆಸರಿನ ಜಾಗದಲ್ಲಿ ಆಡಿಟರನ ಹೆಸರು! ಅವಳಿಗೂ ರೋಗಿಗೂ ಏನು ಸಂಬಂಧ ಎಂಬ ಖಾನೆಯಲ್ಲಿ ಅವನದೇ ದುಂಡು ಅಕ್ಷರ: ಮದುವೆಯಾಗಬೇಕೆಂದಿರುವ ಹುಡುಗಿ.

ಅವನು ಮೆಟ್ಟಿಲ ಬಳಿ ಸಿಕ್ಕಿದ.

"ನನ್ನನ್ನ ಒಂದು ಮಾತು ಕೇಳದೆ ಹೀಗೆ ಬರೆದುಬಿಡೋದಾ?"

"ಆ ಖಾನೆ ಖಾಲಿ ಬಿಟ್ರೆ ಫಾರ್ಮ್ ತಗೊಳ್ಳಲ್ಲ. ಸುಳ್ಳು ಬರೆಯೋಕೆ ಮನಸ್ಸು ಬರಲಿಲ್ಲ." ಅವನು ತಲೆ ತಗ್ಗಿಸಿದ. "ಕೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಮ್ಮಿ ಬಂತು. ನನ್ನ ದೇಹವೇ ಅವನ್ನ ನಾಶ ಮಾಡ್ತಿರಬಹುದು ಅಂತಾರೆ ಡಾಕ್ಟರ್. ನಿಮಗ್ಯಾಕೆ ಈ ತಾಪತ್ರಯ..."

"ಇರಬಹುದು ಅಂತ ತಾನೇ? ನನಗೆ ಪಾಠ ಹೇಳಿದೋರು ನಿಮಗೆ ನೀವೇ ಹಣೆಪಟ್ಟಿ ಅಂಟಿಸ್ಕೊಂಡ್ರಾ?"

ಅವಳಿಗೆ ಕೋಪವೂ ಬಂತು, ಅಳುವೂ ಬಂತು.

"ಅದೇ ಕಾಯಿಲೆ ಅಂತಾದ್ರೂ ನಾನೇನೂ ಓಡಿಹೋಗಲ್ಲ. ರಿಪೋರ್ಟ್ ಯಾವಾಗ?"

"ನಾಳೆ ಬೆಳಿಗ್ಗೆ ಹತ್ತಕ್ಕೆ."

"ನಾನೂ ಬರ್ತೀನಿ."

"ಇವರು ಯಾರು ಅಂತ ಡಾಕ್ಟರ್ ಕೇಳಿದ್ರೆ?"

ಅವಳು ವರ್ಗದ ಅರ್ಜಿಯನ್ನು ನಾಲ್ಕು ಚೂರು ಮಾಡಿ ಅವನ ಜೇಬಿಗೆ ತುರುಕಿದಳು.

"ಬರೆದಿದ್ದೀರಲ್ಲ... ಅದನ್ನೇ ಬಾಯಿಬಿಟ್ಟು ಹೇಳಿ."