ಗ್ಯಾರಿಗೆ ಸೆಖೆಯಾಗಬಾರದು

"ಊಟ ಮಾಡುವಾಗ ಐವತ್ತಿತ್ತು! ನಾನೇ ಕಣ್ಣಾರೆ ನೋಡಿದ್ದೆ! ಈಗ ಮೂವತ್ತೆಂಟು!"

ಅಜ್ಜ ಜಾಜಾ, ಟ್ರಕ್ಕಿಗೆ ಕಟ್ಟಿ ಎಳೆಯುವ ಮನೆಗಾಡಿ ಕ್ಯಾಂಪರಿನ ಬಾಗಿಲ ಬಳಿ ನಿಂತು, ಗೋಡೆಗೆ ಅಂಟಿಸಿದ್ದ ಅಂಗೈಯಗಲದ ಪರದೆಯನ್ನು ಬೆರಳಿನಿಂದ ಕುಟ್ಟುತ್ತಿದ್ದ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಪರದೆ ಅದು. ಕುಟ್ಟಿದ್ದಕ್ಕೆ ಅಂಕಿ ಮೇಲೇರಲಿಲ್ಲ. ಮೂವತ್ತೇಳಕ್ಕೆ ಇಳಿಯಿತು.

"ಕುಟ್ಟಬೇಡ, ಹೆದರಿಕೊಳ್ಳತ್ತೆ," ಎಂದು ಅಜ್ಜಿ ಬಾಬ್ಚಾ ಹೊರಗಿನಿಂದ ಕೂಗಿದಳು. ಹೆದ್ದಾರಿ ಪಕ್ಕದ ಬೆಂಚಿನ ಮೇಲೆ ಕೂತು ಅವಳು ಆಲೂಗಡ್ಡೆ ಕಡುಬಿನ ಡಬ್ಬಿ ಮುಚ್ಚುತ್ತಿದ್ದಳು. ಅವತ್ತು ಗುಡ್ ಫ್ರೈಡೇ. ಮಾಂಸ ಮುಟ್ಟುವ ಹಾಗಿಲ್ಲ.

ಹತ್ತು ವರ್ಷದ ಬ್ರೋನ್ಯಾ ಅಜ್ಜನ ತೋಳಿನ ಕೆಳಗಿನಿಂದ ತಲೆ ತೂರಿಸಿ ಪರದೆ ನೋಡಿದಳು.

"ಜಾಜಾ, ಸೊನ್ನೆ ಆದ್ರೆ?"

"ಸೊನ್ನೆಯವರೆಗೆ ಯಾರು ಬಿಡ್ತಾರೆ? ಹತ್ತು ಬಂದ್ರೆ ಸಾಕು, ಕರೆಂಟು ಕೊಡೋ ಪೆಟ್ಟಿಗೆ ತಾನಾಗೇ ಕಣ್ಣು ಮುಚ್ಚತ್ತೆ. ಫ್ರಿಜ್ ಆಫ್."

"ಆಮೇಲೆ ಗ್ಯಾರಿ?"

ಜಾಜಾ ಪರದೆಯನ್ನು ಇನ್ನೊಂದು ಸಲ ಕುಟ್ಟಿದ.

ಗ್ಯಾರಿ ಒಂದು ಕುರಿಮರಿ. ಪೂರಾ ಬೆಣ್ಣೆಯದು. ಕಣ್ಣಿಗೆ ಎರಡು ಲವಂಗ, ಕುತ್ತಿಗೆಗೆ ಕೆಂಪು ರಿಬ್ಬನ್. ಅಮೆರಿಕದ ಬಫೆಲೋ ಊರಿನಲ್ಲಿ, ಪೋಲೆಂಡಿನಿಂದ ಬಂದವರ ಮನೆಗಳಲ್ಲಿ ಈಸ್ಟರಿನ ಬುಟ್ಟಿಗೆ ಬೆಣ್ಣೆ ಕುರಿಮರಿ ಬೇಕೇ ಬೇಕು. ಮೊಟ್ಟೆ, ಬ್ರೆಡ್ಡು, ಮಾಂಸದ ಸಾಸೇಜು, ಹಂದಿ ತೊಡೆಯ ಹ್ಯಾಮು ಎಲ್ಲದರ ನಡುವೆ ಅದು ಕೂತಿರಬೇಕು. ಶನಿವಾರ ಚರ್ಚಿನಲ್ಲಿ ಪಾದ್ರಿ ಬುಟ್ಟಿಯ ಮೇಲೆ ನೀರು ಚಿಮುಕಿಸಬೇಕು. ಆಮೇಲೆಯೇ ಹಬ್ಬ.

ಈ ಮನೆಯಲ್ಲಿ ಅದನ್ನು ಮಾಡುತ್ತಿದ್ದವಳು ಬಾಬ್ಚಾಳ ಅಕ್ಕ, ಸ್ತಾಶಾ ಅಜ್ಜಿ. ಕಳೆದ ಬೇಸಿಗೆ ಮುಗಿದಾಗ ಅವಳು, "ನನ್ನ ಮೊಣಕಾಲಿಗೆ ಈ ಊರಿನ ಹಿಮ ಸಾಕಾಯ್ತು," ಎಂದು ಫ್ಲಾರಿಡಾಕ್ಕೆ ಹೊರಟುಹೋದಳು. ಹೋಗುವಾಗ ಮರದ ಅಚ್ಚನ್ನು ಬ್ರೋನ್ಯಾಳ ಕೈಗೆ ಕೊಟ್ಟಳು. "ಅಚ್ಚು ಬರೀ ಮೈ ಕೊಡತ್ತೆ. ಉಣ್ಣೆ ನೀನೇ ಮಾಡ್ಬೇಕು, ಫೋರ್ಕಿನಲ್ಲಿ. ಕೆಟ್ಟದಾಗಿ ಮಾಡಿದ್ರೆ ನನಗೆ ತೋರಿಸ್ಬೇಡ."

ಬ್ರೋನ್ಯಾ ಮೂರು ಮರಿ ಮಾಡಿದಳು. ಮೊದಲನೆಯದು ಕಪ್ಪೆಯಂತಿತ್ತು. ಎರಡನೆಯದು ಅವರ ಗಣಿತದ ಮೇಷ್ಟರಂತಿತ್ತು. ಮೂರನೆಯದು ಗ್ಯಾರಿ. ಸ್ತಾಶಾ ಅಜ್ಜಿಗೆ ತೋರಿಸಬಹುದಾದದ್ದು ಅದೊಂದೇ. ನಾಳೆ ಮಧ್ಯಾಹ್ನ ಫ್ಲಾರಿಡಾದ ಚರ್ಚಿನಲ್ಲಿ ಬುಟ್ಟಿಗಳ ಆಶೀರ್ವಾದ. ನಿನ್ನೆ ಬಫೆಲೋ ಬಿಟ್ಟಿದ್ದ ಇವರ ಜೊತೆ ಗ್ಯಾರಿ ಅಷ್ಟರಲ್ಲಿ ಅಲ್ಲಿಗೆ ತಲುಪಬೇಕು. ಕುರಿಮರಿಯಾಗಿಯೇ ತಲುಪಬೇಕು, ತುಪ್ಪವಾಗಿ ಅಲ್ಲ.

ಇದಕ್ಕೆಲ್ಲ ಜಾಜಾನ ಹೊಸ ಫ್ರಿಜ್ಜೇ ದಿಕ್ಕು.

ಅವರ ಹಳೇ ಕ್ಯಾಂಪರಿನಲ್ಲಿ ಗ್ಯಾಸಿನಿಂದ ಓಡುವ ಪುಟ್ಟ ಫ್ರಿಜ್ ಇತ್ತು. ಅದರಲ್ಲಿ ಒಂದು ಹ್ಯಾಮ್ ಇಟ್ಟರೆ ಮೊಟ್ಟೆಗಳು ಮಡಿಲಲ್ಲಿ ಕೂರಬೇಕಿತ್ತು. ಈ ಚಳಿಗಾಲ ಜಾಜಾ ಬೇರೆ ಕ್ಯಾಂಪರ್ ತಂದ. ಅದರಲ್ಲಿ ಮನೆಯಲ್ಲಿರುವಂಥದ್ದೇ ಎರಡು ಬಾಗಿಲಿನ ಎತ್ತರದ ಫ್ರಿಜ್. ಬಂದವರಿಗೆಲ್ಲ ಜಾಜಾ ಅದನ್ನು ಸೊಸೆಯನ್ನು ತೋರಿಸುವ ಹಾಗೆ ತೋರಿಸಿದ. ಒಂದೇ ತೊಂದರೆ, ಅದಕ್ಕೆ ಮನೆಯ ಕರೆಂಟೇ ಬೇಕು. ರಸ್ತೆಯಲ್ಲಿ ಮನೆಯ ಕರೆಂಟು ಎಲ್ಲಿಂದ ಬರಬೇಕು? ಮಂಚದ ಕೆಳಗಿನ ಬ್ಯಾಟರಿಗಳಿಂದ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಮಾಡಿಕೊಡುವ ಒಂದು ಪೆಟ್ಟಿಗೆಯೂ ಅಲ್ಲೇ ಇತ್ತು.

"ಬ್ಯಾಟರಿ ತುಂಬಿಸೋದು ಯಾರು, ಜಾಜಾ?"

"ಮಾಡಿನ ಮೇಲಿನ ಸೋಲಾರ್ ಹಲಗೆ ಸ್ವಲ್ಪ. ಎಳೀತಿರೋ ಟ್ರಕ್ಕು ವೈರಿನಲ್ಲಿ ಸ್ವಲ್ಪ. ಟ್ರಕ್ಕು ಕೊಡೋದು ನಿಮ್ಮಜ್ಜಿ ಐಸ್‌ಕ್ರೀಮ್ ಹಾಕೋ ಹಾಗೆ, ಚಿಕ್ಕ ಚಮಚದಲ್ಲಿ. ಫ್ರಿಜ್ಜು ತಿನ್ನೋದು ನೀನು ತಿನ್ನೋ ಹಾಗೆ. ಆದ್ರೂ ಲೆಕ್ಕ ಸರಿಹೋಗ್ಬೇಕು! ನಾನು ಲೆಕ್ಕ ಹಾಕಿದ್ದೀನಿ!"

ಲೆಕ್ಕ ಸರಿಹೋಗುತ್ತಿರಲಿಲ್ಲ.

ಜಾಜಾ ಟ್ರಕ್ಕಿನ ವೈರು ಬಿಚ್ಚಿ, ಅದರ ಹಲ್ಲುಗಳನ್ನು ಉಜ್ಜಿ, ಊದಿ, ಮತ್ತೆ ಸಿಕ್ಕಿಸಿದ. ಆಮೇಲೆ ಮಾಡಿನ ಮೇಲೆ ನೋಡಿ ತಲೆ ಚಚ್ಚಿಕೊಂಡ. ಬಫೆಲೋ ರಸ್ತೆಗಳಿಗೆ, ಹಿಮ ಕರಗಲೆಂದು, ಚಳಿಗಾಲವಿಡೀ ಉಪ್ಪು ಸುರಿಯುತ್ತಾರೆ. ಅದು ಹಾರಿ ಹಾರಿ ಸೋಲಾರ್ ಹಲಗೆಯ ಮೇಲೆ ಹಪ್ಪಳದಂತೆ ಕೂತಿತ್ತು.

ಬ್ರೋನ್ಯಾ ಏಣಿ ಹತ್ತಿದಳು. ಬಾಬ್ಚಾ ಒದ್ದೆ ಮಾಪು ಮೇಲೆ ಕೊಟ್ಟಳು. ಜಾಜಾ ಅವಳ ಎರಡೂ ಕಾಲು ಹಿಡಿದುಕೊಂಡ. ಮಾಪಿನ ನೀರು ನೇರವಾಗಿ ಅವನ ಕಾಲರಿನೊಳಗೆ ಇಳಿಯಿತು.

"ಎಡಗಡೆ ಉಜ್ಜು! ನಿನ್ನ ಎಡ! ಹಲಗೆ, ಹಲಗೆ! ನನ್ನ ಮುಖ ಅಲ್ಲ!"

ಪಕ್ಕದಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಒಬ್ಬಾತ ನಿಂತು ಕೇಳಿದ. "ಏನಾದ್ರೂ ಸಹಾಯ ಬೇಕಾ ಯಜಮಾನ್ರೇ?"

"ಬೇಡಪ್ಪ," ಎಂದ ಜಾಜಾ, ತಲೆಯಿಂದ ನೀರು ತೊಟ್ಟಿಕ್ಕಿಸುತ್ತ. "ಒಂದು ಕುರಿಮರಿಗೆ ಸೆಖೆಯಾಗ್ತಿದೆ, ಅಷ್ಟೇ."

ಆತ ನಾಯಿಯನ್ನು ಎಳೆದುಕೊಂಡು ಬೇಗ ಬೇಗ ಹೊರಟುಹೋದ.

ಹಲಗೆ ಫಳಫಳ ಹೊಳೆಯಿತು. ಬಿಸಿಲೂ ಚೆನ್ನಾಗಿತ್ತು. ಮೂವರೂ ಟ್ರಕ್ ಹತ್ತಿ ಹಾಡು ಹೇಳಿಕೊಂಡು ಹೊರಟರು. ಮುಂದೆ ಡೀಸೆಲ್ ಹಾಕಿಸಲು ನಿಂತಾಗ ಪರದೆಯಲ್ಲಿ ಇಪ್ಪತ್ತಾರು.

ಜಾಜಾ ಬೈಯಲಿಲ್ಲ. ಅದೇ ಬ್ರೋನ್ಯಾಳಿಗೆ ಹೆಚ್ಚು ಹೆದರಿಕೆ ತಂದಿತು. ಏಕೆಂದರೆ ಅವಳಿಗೆ ಒಂದು ವಿಷಯ ಗೊತ್ತಿತ್ತು, ಜಾಜಾನಿಗೆ ಗೊತ್ತಿರಲಿಲ್ಲ. ಬೆಳಗಿನಿಂದ ನಿಂತ ಕಡೆಯಲ್ಲೆಲ್ಲ, "ಬಾತ್‌ರೂಮಿಗೆ ಹೋಗಿ ಬರ್ತೀನಿ," ಎಂದು ಹೇಳಿ ಅವಳು ಕ್ಯಾಂಪರ್ ಹತ್ತುತ್ತಿದ್ದಳು. ಫ್ರಿಜ್ಜಿನ ಬಾಗಿಲು ದಾರಿಯಲ್ಲಿ ತೆರೆದುಕೊಳ್ಳದಂತೆ ಬಿಗಿದಿದ್ದ ಪಟ್ಟಿ ಬಿಚ್ಚುತ್ತಿದ್ದಳು. ಗ್ಯಾರಿಯ ಕಿವಿ ನೋಡುತ್ತಿದ್ದಳು. ಮೂಗು ನೋಡುತ್ತಿದ್ದಳು. "ಚಳಿ ಸಾಕಾ?" ಎಂದು ಕೇಳುತ್ತಿದ್ದಳು. ಬೆಣ್ಣೆ ಏನು ಹೇಳೀತು? ಅದಕ್ಕೇ ಇನ್ನೂ ಸ್ವಲ್ಪ ಹೊತ್ತು ನೋಡುತ್ತ ನಿಲ್ಲುತ್ತಿದ್ದಳು.

ಈಗಲೂ ಅವಳ ಕಾಲು ಅಲ್ಲಿಗೇ ಬಂದಿತ್ತು. ಇದೇ ಕೊನೇ ಸಲ, ಎಂದುಕೊಂಡು ಪಟ್ಟಿಗೆ ಕೈಹಾಕಿದಳು.

ಹೊರಗೆ ಮೆಟ್ಟಿಲು ಕಿರುಗುಟ್ಟಿತು.

ಬ್ರೋನ್ಯಾ ಎದುರಿನ ಬಾತ್‌ರೂಮಿಗೆ ಹಾರಿ, ಸ್ನಾನದ ಜಾಗಕ್ಕೆ ಇಳಿಬಿಟ್ಟ ಬಟ್ಟೆಯ ಪರದೆಯ ಹಿಂದೆ ನಿಂತಳು. ಬಟ್ಟೆಯ ಸಂದಿಯಲ್ಲಿ ಒಂದು ಕಣ್ಣಿಟ್ಟಳು.

ಬಂದವನು ಜಾಜಾ. ಆಚೆ ನೋಡಿದ, ಈಚೆ ನೋಡಿದ. ಕಳ್ಳ ಬೆಕ್ಕಿನ ಹಾಗೆ ಪಟ್ಟಿ ಬಿಚ್ಚಿದ. ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದು, ತಲೆಯನ್ನು ಒಳಗೆ ಹಾಕಿ, ಸಾಸೇಜಿನ ಪೊಟ್ಟಣಕ್ಕೆ ಮೂಗಿಟ್ಟು, ಎದೆ ತುಂಬ ಉಸಿರೆಳೆದುಕೊಂಡ.

"ಆಹಾ... ಬೆಳ್ಳುಳ್ಳಿ..."

"ಕಾಜಿಕ್!"

ಬಾಬ್ಚಾ ಗಂಡನ ಹೆಸರು ಕೂಗುತ್ತ ಬಾಗಿಲಲ್ಲಿ ನಿಂತಿದ್ದಳು. ಜಾಜಾ ತಲೆ ಎತ್ತಿದ. ಮೇಲಿನ ಗಾಜಿನ ಹಲಗೆಗೆ ಠಣ್ಣನೆ ಬಡಿಯಿತು.

"ತಿಂದಿಲ್ಲ ಕಣೇ! ಬರೀ ಮೂಸಿದೆ!"

"ಗುಡ್ ಫ್ರೈಡೇ ದಿನ! ಮೂಗಿಗೆ ಉಪವಾಸ ಇಲ್ವಾ?"

"ಪಾದ್ರಿ ಬಾಯಿ ಬಗ್ಗೆ ಹೇಳಿದ್ದಾರೆ. ಮೂಗಿನ ಬಗ್ಗೆ ಹೇಳಿಲ್ಲ!"

"ಎಷ್ಟು ಸಲ ಮೂಸಿದ್ದೀಯ?"

"ಗಾಡಿ ನಿಲ್ಲಿಸಿದಾಗ ಮಾತ್ರ. ಅದಿರಲಿ, ನೀನ್ಯಾಕೆ ಬಂದೆ ಇಲ್ಲಿಗೆ?"

ಬಾಬ್ಚಾ ಫ್ರಿಜ್ಜಿನೊಳಗೆ ಇಣುಕಿದಳು. "ಮೊಟ್ಟೆ ನೋಡೋಕೆ. ಹೊರಡೋ ಹಿಂದಿನ ರಾತ್ರಿಯೆಲ್ಲ ಕೂತು ಬಣ್ಣ ಹಾಕಿದ್ದೀನಿ, ಒಡೆದ್ರೆ? ಈ ತಿರುವಿನ ರಸ್ತೇಲಿ ನೀನು ಓಡಿಸೋದು ಆ ಥರ."

"ಎಷ್ಟು ಸಲ ನೋಡಿದ್ದೀಯ?"

"ನೀನು ಡೀಸೆಲ್ ಹಾಕಿಸ್ತಿರುವಾಗ. ಮತ್ತೆ ನೀನು ಕಾಫಿ ತರೋಕೆ ಹೋದಾಗ. ಹ್ಯಾಮಿನ ಬಟ್ಟೆ ಜಾರಿತ್ತು, ಅದಕ್ಕೂ ಒಂದು ಸಲ. ನಾನೇನು ಮೂಸಿಲ್ಲ!"

"ಮೂಸೋಕೆ ಒಂದು ನಿಮಿಷ ಸಾಕು. ನೀನು ಎರಡು ಡಜನ್ ಮೊಟ್ಟೆ ಎಣಿಸ್ತೀಯ!"

ಫ್ರಿಜ್ಜಿನ ಬಾಗಿಲು ಅಗಲಕ್ಕೆ ತೆರೆದೇ ಇತ್ತು. ಒಳಗಿನಿಂದ ಬಿಳೀ ಮಂಜು ನಿಧಾನವಾಗಿ ಅವರಿಬ್ಬರ ಕಾಲಿನ ಮೇಲೆ ಇಳಿಯುತ್ತಿತ್ತು. ಅವರು ಜಗಳ ನಿಲ್ಲಿಸಲಿಲ್ಲ. ಕೊನೆಗೆ ಫ್ರಿಜ್ಜೇ ಬೇಸತ್ತು ಕೀಂಯ್ ಕೀಂಯ್ ಎಂದು ಕೂಗಿಕೊಂಡಿತು.

"ಬಾಗಿಲು!" ಬ್ರೋನ್ಯಾ ಕಿರುಚಿದಳು. "ಮೊದಲು ಬಾಗಿಲು ಮುಚ್ಚಿ!"

ಕಿರುಚುವಾಗ ಕೈ ಪರದೆಯನ್ನು ಹಿಡಿದಿತ್ತು. ಪರದೆ, ಅದರ ಸರಳು, ಶಾಂಪೂ ಬಾಟಲಿ, ಬ್ರೋನ್ಯಾ ಎಲ್ಲರೂ ಒಟ್ಟಿಗೆ ಹೊರಗೆ ಬಂದರು.

ಜಾಜಾ ಸೊಂಟದಿಂದ ಬಾಗಿಲು ಮುಚ್ಚಿದ. ಮೂವರೂ ಒಬ್ಬರನ್ನೊಬ್ಬರು ನೋಡಿದರು.

"ನೀನು ಇಲ್ಲಿ..." ಎಂದ ಜಾಜಾ.

"ಗ್ಯಾರೀನ ನೋಡೋಕೆ," ಎಂದಳು ಬ್ರೋನ್ಯಾ, ಪರದೆಯೊಳಗಿನಿಂದ. "ಎಲ್ಲ ಕಡೆ. ನೀವು ಬರೋಕೆ ಮುಂಚೆ. ಕೆಲವು ಸಲ ಬಂದು ಹೋದ ಮೇಲೂ."

ಮೊದಲು ನಕ್ಕವಳು ಬಾಬ್ಚಾ. ಅವಳು ನಗು ತಡೆಯಲು ಹೋಗಿ ಗೊರಕೆಯಂಥ ಸದ್ದು ಬಂತು. ಅದನ್ನು ಕೇಳಿ ಬ್ರೋನ್ಯಾ ನಕ್ಕಳು. ಜಾಜಾ ತಲೆಯ ಬುಗುಟು ಸವರಿಕೊಳ್ಳುತ್ತ ನೆಲದ ಮೇಲೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನಾನು ವೈರು ಉಜ್ಜಿದೆ! ಮಾಪಿನ ನೀರಲ್ಲಿ ಸ್ನಾನ ಮಾಡಿದೆ! ಬಾಗಿಲು ತೆಗೆದು ತೆಗೆದು ಬ್ಯಾಟರಿ ಖಾಲಿ ಮಾಡಿದ್ದು ನಾವೇ!"

ಆಮೇಲೆ ಅವನು ಅಗಲವಾದ ಬೆಳ್ಳಿ ಬಣ್ಣದ ಟೇಪು ತಂದು, ಫ್ರಿಜ್ಜಿನ ಬಾಗಿಲಿಗೆ ಅಡ್ಡಡ್ಡ ಅಂಟಿಸಿದ. "ಮುಚ್ಚಿಟ್ರೆ ಕರೆಂಟು ಹೋದ್ರೂ ಗಂಟೆಗಟ್ಟಲೆ ತಣ್ಣಗಿರತ್ತೆ. ಯಾರೂ ಮುಟ್ಟಬಾರದು. ನನ್ನ ಮೂಗೂ ಸೇರಿ."

ಎಲ್ಲ ಸರಿಹೋಗುತ್ತಿತ್ತೋ ಏನೋ. ಆದರೆ ಮುಂದೆ ರಸ್ತೆಯೇ ನಿಂತುಹೋಗಿತ್ತು. ಹಬ್ಬಕ್ಕೆ ಹೊರಟ ಕಾರುಗಳು ಬೆಟ್ಟದ ತುದಿಯವರೆಗೂ ಸಾಲಾಗಿ ನಿಂತಿದ್ದವು. ಜನ ಕೆಳಗಿಳಿದು ಚಿಪ್ಸ್ ಹಂಚಿಕೊಳ್ಳುತ್ತಿದ್ದರು. ಬಿಸಿಲು ಬೆಟ್ಟದ ಹಿಂದೆ ಸರಿಯಿತು. ಸೋಲಾರ್ ಹಲಗೆಯೂ ಕೆಲಸ ಮುಗಿಸಿತು.

ಜಾಜಾ ಇಳಿದು ಹೋಗಿ ಪರದೆ ನೋಡಿ ಬಂದ. ಈ ಸಲ ಕುಟ್ಟಲಿಲ್ಲ.

"ಆಫ್ ಆಯ್ತು," ಎಂದ ಮೆಲ್ಲಗೆ.

ರಾತ್ರಿ ತಂಗಬೇಕಿದ್ದ ಕ್ಯಾಂಪ್‌ಗ್ರೌಂಡಿಗೆ, ಅಲ್ಲಿನ ಪ್ಲಗ್ಗಿಗೆ, ಇನ್ನೂ ಎಷ್ಟೋ ದೂರವಿತ್ತು.

"ಒಂದು ಕೆಲಸ ಮಾಡೋಣ," ಎಂದ ಜಾಜಾ. "ಗ್ಯಾರೀನ ಇಲ್ಲಿಗೇ ತರೋಣ. ಏಸಿ ಜೋರಾಗಿ ಹಾಕ್ತೀನಿ. ನಿನ್ನ ಮಡಿಲಲ್ಲೇ ಇಟ್ಕೋ. ನೋಡ್ತಾನೇ ಇರಬಹುದು."

ನೋಡುತ್ತಲೇ ಇರಬಹುದು! ಬ್ರೋನ್ಯಾಳ ಕೈ ಆಗಲೇ ಟ್ರಕ್ಕಿನ ಬಾಗಿಲ ಹಿಡಿಯ ಮೇಲಿತ್ತು. ಅವಳ ಮನಸ್ಸಿನಲ್ಲಿ ಗ್ಯಾರಿಯ ಕಿವಿ ಬಾಗುತ್ತಿತ್ತು. ಮೂಗು ಉದುರುತ್ತಿತ್ತು. ಒಂದು ಲವಂಗ ಜಾರಿ ಮೀಸೆಯಾಗುತ್ತಿತ್ತು.

ಅವಳು ಹಿಡಿಯಿಂದ ಕೈ ತೆಗೆದಳು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತಳು.

"ಬೇಡ. ಮುಚ್ಚಿದ್ರೆ ತಣ್ಣಗಿರತ್ತೆ ಅಂತ ನೀನೇ ಹೇಳಿದ್ದೆ."

"ಹೇಳಿದ್ದೆ," ಎಂದ ಜಾಜಾ ಗಲ್ಲ ಕೆರೆದುಕೊಂಡು. "ನನ್ನ ಮಾತನ್ನ ನಾನೂ ನಂಬಬೇಕಾಗತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

ಕ್ಯಾಂಪ್‌ಗ್ರೌಂಡಿನಲ್ಲಿ ಪ್ಲಗ್ ಸಿಕ್ಕಿಸಿದಾಗ ಫ್ರಿಜ್ಜು ಗಂಟಲು ಸರಿಮಾಡಿಕೊಂಡು ಗುಂಯ್ ಎಂದಿತು. ಬ್ರೋನ್ಯಾ ಅದರ ಎದುರು ನಿಂತಳು.

"ಈಗ ಕರೆಂಟಿದೆ," ಎಂದಳು ಬಾಬ್ಚಾ. "ಬೇಕಾದ್ರೆ ಒಂದ್ಸಲ ನೋಡು."

ಬ್ರೋನ್ಯಾ ಟೇಪಿನ ತುದಿ ಎದ್ದಿದ್ದ ಕಡೆ ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದಳು. ಹೋಗಿ ಮಲಗಿದಳು.

ಮರುದಿನ ಫ್ಲಾರಿಡಾದಲ್ಲಿ ಟೇಪು ಕಿತ್ತವಳು ಸ್ತಾಶಾ ಅಜ್ಜಿ. ಊರುಗೋಲನ್ನು ಬಾಬ್ಚಾಳ ಕೈಗೆ ಕೊಟ್ಟು, ಚರ್ಚಿಗೆ ಹೊರಟ ಒಳ್ಳೆ ಬಟ್ಟೆಯಲ್ಲೇ ಕ್ಯಾಂಪರ್ ಹತ್ತಿದಳು. "ನಮ್ಮ ಪಾದ್ರಿ ಇನ್ನೂ ಹುಡುಗ, ಬೆಣ್ಣೇಲಿ ಕುರಿ ಮಾಡ್ತೀವಿ ಅಂದ್ರೆ ನಗ್ತಾನೆ. ಎಲ್ಲಿ, ತೋರಿಸು."

ಬಾಗಿಲು ತೆರೆಯಿತು. ಬ್ರೋನ್ಯಾ ಜಾಜಾನ ಬೆನ್ನ ಹಿಂದೆ ಹೋದಳು.

ಗ್ಯಾರಿ ಕೂತಿದ್ದ. ಎರಡು ಕಿವಿ, ಒಂದು ಮೂಗು, ಎರಡು ಲವಂಗ, ಎಲ್ಲ ಇದ್ದವು. ಆದರೆ ನಿನ್ನೆ ಯಾವಾಗಲೋ ಮೆತ್ತಗಾಗಿ, ಮತ್ತೆ ಗಟ್ಟಿಯಾಗಿದ್ದ. ಕುತ್ತಿಗೆ ಒಂದು ಕಡೆಗೆ ತಿರುಗಿಬಿಟ್ಟಿತ್ತು. ಯಾರೋ ಬಾಗಿಲು ತೆಗೆದರು ಎಂದು ಹಿಂತಿರುಗಿ ನೋಡುವವನಂತೆ ಕಾಣುತ್ತಿದ್ದ.

ಸ್ತಾಶಾ ಅಜ್ಜಿ ಕನ್ನಡಕ ಏರಿಸಿದಳು. ಉಣ್ಣೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ನನ್ನ ಕುರಿಗಳು ಅರವತ್ತು ವರ್ಷ ನೆಟ್ಟಗೆ ಮುಂದೆ ನೋಡಿದ್ವು, ಪೊಲೀಸರ ಹಾಗೆ," ಎಂದಳು. "ನನ್ನನ್ನ ನೋಡೋ ಮೊದಲನೇದು ಇದೇ."

ಚರ್ಚಿನ ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ಬುಟ್ಟಿ ಹಿಡಿದವರ ಸಾಲು ಮರದ ನೆರಳಿನಿಂದ ಹೊರಗೆ ಚಾಚಿತ್ತು. ಬ್ರೋನ್ಯಾಳ ಬುಟ್ಟಿಗೆ ಬಾಬ್ಚಾ ಕಸೂತಿಯ ಬಿಳೀ ಬಟ್ಟೆ ಹೊದಿಸಿದ್ದಳು. ಮುಂದಿನ ಹುಡುಗಿ ತಿರುಗಿ, "ಒಳಗೆ ಬೆಣ್ಣೆ ಕುರಿ ಇದೆಯಂತೆ, ಹೌದಾ? ತೋರಿಸೇ, ಒಂದೇ ಒಂದ್ಸಲ!" ಎಂದಳು.

"ಪಾದ್ರಿ ಬರ್ಲಿ," ಎಂದಳು ಬ್ರೋನ್ಯಾ.

"ಕರಗಿದ್ರೆ? ನಿನಗೆ ಹೇಗೆ ಗೊತ್ತು?"

ಬ್ರೋನ್ಯಾ ಬಟ್ಟೆ ಎತ್ತಲಿಲ್ಲ. ಅದರ ಮೇಲೆ ಮೆಲ್ಲಗೆ ಅಂಗೈ ಇಟ್ಟಳು. ನೂಲಿನ ಹೂಗಳ ಸಂದಿಯಿಂದ ತಂಪು ಮೇಲೆ ಬಂದು ಅವಳ ಕೈಗೆ ತಾಗುತ್ತಿತ್ತು.