ಗೋಡೆಯ ಮೇಲಿನ ನಮ್ಮವರು

ಸಂಘದ ಸಭಾಂಗಣದ ಗೋಡೆ ಮೇಲೆ ಒಂದೇ ಅಡ್ಡಹೆಸರಿನ ನಾಲ್ವರು ಮಹನೀಯರು ರಾರಾಜಿಸುತ್ತಿದ್ದರು: ಗಾಯಕಿ, ಕುಸ್ತಿಪಟು, ನ್ಯಾಯಾಧೀಶ, ಚಿತ್ರಕಾರ. ಅದೇ ಅಡ್ಡಹೆಸರಿನ ಐದನೆಯವನೂ ಒಬ್ಬನಿದ್ದ. ಆ ನಾಲ್ವರಿಗೂ ಫ್ರೇಮ್ ಹಾಕಿಕೊಟ್ಟವನು ಅವನೇ. ತಾನೂ ಚಿತ್ರ ಬರೀತೀನಿ, ನನ್ನದೂ ಒಂದು ತೂಗುಹಾಕಿ ಅಂತ ಕೇಳಿದ್ದಕ್ಕೆ ಕಾರ್ಯದರ್ಶಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಅಡ್ಡಹೆಸರು ಒಂದೇ ಆದ್ರೆ ಕೈಯೂ ಒಂದೇ ಆಗುತ್ತೇನಪ್ಪಾ? ನೀನು ಫ್ರೇಮ್ ನೋಡ್ಕೋ ಸಾಕು."

ಮೈಯೆಲ್ಲ ಉರಿದುಹೋಯಿತು. ಆಗಲಿ, ನೋಡ್ಕೋತೀನಿ ಅಂದುಕೊಂಡ.

ಹುಡುಕುವ ಬಳ್ಳಿ ಕಾಲಿಗೇ ತೊಡರಿತು. ಕಾಲವಾದ ಚಿತ್ರಕಾರರು ತಮ್ಮನ್ನೇ ಬರೆದುಕೊಂಡಿದ್ದ ಚಿತ್ರದ ಫ್ರೇಮಿಗೆ ಗೆದ್ದಲು ಹಿಡಿದು, ಅದು ಅವನ ಅಂಗಡಿಗೇ ಬಂತು. ಉಪಾಯ ಸಲೀಸು. ನಕಲು ಬರೆದು, ಹೊಸ ಫ್ರೇಮಿನಲ್ಲಿ ಕೂರಿಸಿ ವಾಪಸ್ ಕೊಡುವುದು. ಅಸಲಿ ಚಿತ್ರಕ್ಕೆ ಪರವೂರಿನ ಗಿರಾಕಿಯೊಬ್ಬ ಆಗಲೇ ಗೊತ್ತಾಗಿದ್ದ. ದುಡ್ಡಿಗಿಂತ ರುಚಿಯಾದದ್ದು ಬೇರೆಯೇ ಇತ್ತು: ಇನ್ನು ಮೇಲೆ ಕಾರ್ಯದರ್ಶಿ ಬಂದವರಿಗೆಲ್ಲ ಹೊಗಳಿ ತೋರಿಸೋದು ಇವನ ಕೈಚಳಕವನ್ನೇ!

ಫ್ರೇಮಿನ ಪಟ್ಟಿ ಅಳೆಯುತ್ತ ಗೊಣಗಿದ. "ಹಾಳು ಪೆನ್ಸಿಲ್ ಎಲ್ಲಿ ಹೋಯ್ತು?"

ಹೆಂಡತಿ ಗಾಜು ಒರೆಸುವುದನ್ನೂ ನಿಲ್ಲಿಸಲಿಲ್ಲ. "ಕಿವಿ ಮೇಲಿದೆ ರೀ. ದಿನಾ ಅಲ್ಲೇ ಇರುತ್ತೆ, ದಿನಾ ಹುಡುಕ್ತೀರ."

ತುದಿ ಕಚ್ಚಿದ ಕೆಂಪು ಪೆನ್ಸಿಲ್. ಅಳೆದು, ಗುರುತು ಹಾಕಿ, ಮತ್ತೆ ಕಿವಿಗೇ ಸಿಕ್ಕಿಸಿದ.

ಕೋಟು, ಕುರ್ಚಿ, ಹಿಂದಿನ ಕಿಟಕಿ ಎಲ್ಲ ಅಸಲಿಯ ಹಾಗೇ ಇಳಿದವು. ಮುಖಕ್ಕೆ ಮಾತ್ರ ಕಳೆ ಬರಲೊಲ್ಲದು. ಆಗ ಹೊಳೆಯಿತು: ತನ್ನ ಮೂಗು, ಕಣ್ಣು ಥೇಟ್ ಅವರದೇ ಅಂತ ಊರೇ ಹೇಳುವಾಗ ಅಸಲಿ ಚಿತ್ರವನ್ನು ಯಾಕೆ ನೋಡಿ ಸಾಯಬೇಕು? ಎದುರಿಗೆ ಕನ್ನಡಿ ಇಟ್ಟುಕೊಂಡ. ಕೂದಲಿಗೆ ಒಂದಿಷ್ಟು ನರೆ, ಹಣೆಗೆ ಎರಡು ಗೆರೆ ಕೈಯಾರೆ ಸೇರಿಸಿದ. ಉಳಿದದ್ದನ್ನು ಕಂಡದ್ದು ಕಂಡ ಹಾಗೇ ಬರೆದ. ಮುಖ ಜೀವ ತಳೆಯಿತು. ಭೇಷ್ ಮಗನೇ ಅಂತ ತನಗೆ ತಾನೇ ಹೇಳಿಕೊಂಡ. ಬಟ್ಟೆ ಸುತ್ತಿ, ತಾನೇ ಹೊತ್ತುಕೊಂಡು ಹೋಗಿ ಗೋಡೆಗೆ ತೂಗುಹಾಕಿದ.

ಚಿತ್ರವನ್ನು ಮತ್ತೆ ಅನಾವರಣ ಮಾಡುವ ಸಮಾರಂಭದಲ್ಲಿ ಬಟ್ಟೆ ಸರಿಸಿದವರು ಗೋಡೆಯ ಮೇಲಿನ ನಾಲ್ವರಲ್ಲಿ ಒಬ್ಬರಾದ ಗಾಯಕಿಯೇ. "ಅಬ್ಬಬ್ಬಾ! ಈಗ ಎದ್ದು ಬಂದು ಮಾತಾಡಿಸ್ತಾರೇನೋ ಅನ್ನೋ ಹಾಗಿದೆ!" ಜನ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಅವನ ಎದೆ ಉಬ್ಬಿತು.

ಕಾರ್ಯದರ್ಶಿ ಕತ್ತು ವಾಲಿಸಿ ನೋಡಿದರು. "ಒಂಚೂರು ಸೊಟ್ಟಗಿದೆ ಕಣಯ್ಯಾ. ಮೊಳೆಗೆ ಗುರುತು ಹಾಕಬೇಕು, ಪೆನ್ಸಿಲ್ ಇದೆಯಾ?" ಅವನ ಕೈ ತಾನಾಗಿ ಕಿವಿಗೆ ಹೋಯಿತು. ಗಾಯಕಿ ಅವನ ಕೈ ನೋಡಿದರು, ಚಿತ್ರ ನೋಡಿದರು, ಮತ್ತೆ ಅವನನ್ನು ನೋಡಿದರು. ಚಪ್ಪಾಳೆ ಒಂದೊಂದಾಗಿ ನಿಂತಿತು. ಗೋಡೆಯ ಮೇಲೆ, ಕೋಟು ತೊಟ್ಟು ಗತ್ತಿನಿಂದ ಕೂತಿದ್ದ ಮಹನೀಯರ ಕಿವಿಯ ಮೇಲೂ ತುದಿ ಕಚ್ಚಿದ ಕೆಂಪು ಪೆನ್ಸಿಲ್ ಇತ್ತು.